ಬಿದ್ದವರ ಪುಸ್ತಕ

ಸಂಘದ ಲೆಕ್ಕ ಬರೆಯುವವಳು ನಾನು, ಟೈಲರ್ ಪುಟ್ಟಲಿಂಗಮ್ಮ.
ಇನ್ನೂರು ಪುಟದ ಪುಸ್ತಕ. ಮುಂದಿನಿಂದ ಹುರುಳಿ, ಬೂಸ, ಲಾಳದ ಖರ್ಚು;
ಹಿಂದಿನಿಂದ, ಬಿದ್ದವರ ಹೆಸರು.

ಭಾನುವಾರ ಬೆಳಗ್ಗೆ, ಕಬ್ಬು ಕಡಿದು ಕೂಳೆ ಕಿತ್ತ
ಇಪ್ಪತ್ತು ಗುಂಟೆ ನಮ್ಮ ಮೈದಾನ.
ಪಾಂಡವಪುರಕ್ಕೆ ಹೊರಟ ಹಾಲಿನವರು ನಾಲೆ ಏರಿಯ ಮೇಲೆ ಬೈಕು ನಿಲ್ಲಿಸಿ
"ಎತ್ತಿಲ್ವೇನ್ರೋ ಊರಲ್ಲಿ?" ಅನ್ನುತ್ತಾರೆ.
ವಾರ ವಾರವೂ ಅದೇ ಮಾತು, ಅದೇ ನಗು.

ಕುದುರೆ ಮೂರು.
ಮೈಸೂರಿನ ಟಾಂಗಾ ಬಿಟ್ಟು ಬಂದ ಬಾಬು:
ಯಾರು ಹತ್ತಿದರೂ ಡೈರಿ ಮುಂದೆ ನಿಂತು
ಸವಾರಿ ಇಳಿಯಲೆಂದು ಕಾಯುತ್ತಾನೆ.
ಮದುವೆ ಮೆರವಣಿಗೆಯ ಮಲ್ಲಿಗೆ:
ಎಲ್ಲಾದರೂ ತಮಟೆ ಕೇಳಿದರೆ ಮುಂಗಾಲೆತ್ತಿ ಕುಣಿಯುತ್ತಾಳೆ,
ಮೇಲಿದ್ದವರು ಬೇಲಿಯಲ್ಲಿರುತ್ತಾರೆ.
ಇನ್ನೊಂದು ರೇಸಿನದು. ಕಾಗದದಲ್ಲಿ ಮಾರುದ್ದ ಇಂಗ್ಲಿಷ್ ಹೆಸರು, ನಮಗೆ ಕೆಂಚ.
ಆರು ವರ್ಷ ಬಲಕ್ಕೇ ಓಡಿದ ಪ್ರಾಣಿ,
ಎಡ ಅನ್ನುವುದೊಂದು ಇದೆಯೆಂದು ಅದಕ್ಕೆ ಯಾರೂ ಹೇಳಿಲ್ಲ.

ಅಶ್ವದಳದಿಂದ ನಿವೃತ್ತರಾದ ದ್ಯಾವೇಗೌಡರು ನಮ್ಮ ಮೇಷ್ಟ್ರು.
"ಮಂಡಿ ಒತ್ತು ಮಗಾ, ಲಗಾಮು ಜಗ್ಗಬ್ಯಾಡ, ಅದೇನ್ ಬಾವಿ ಹಗ್ಗವಾ?"
ತಿಂಗಳಿಗೊಮ್ಮೆ ಗಂಜಾಮಿನಿಂದ ಜಬೀವುಲ್ಲಾ ಬಂದು
ಗೊರಸನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ,
ಮಗುವಿನ ಉಗುರು ಕತ್ತರಿಸುವವರ ಹಾಗೆ.
ಜೀನು ಹೊಲಿದವಳು ನಾನು: ಗೊಬ್ಬರದ ಚೀಲ, ಹಳೆ ಜಮಖಾನ, ಲಾರಿ ಬೆಲ್ಟು.
ಊರಿನ ಅರ್ಧ ಭಾರ ನನ್ನ ದಾರ ಹೊತ್ತಿದೆ.
ನಾನು ಮಾತ್ರ ಹತ್ತಿರಲಿಲ್ಲ.

ಅಂಗನವಾಡಿಯ ಕೆಂಪಾಜಮ್ಮ, ಎರಡು ಸಲ.
ಪಂಚಾಯ್ತಿ ಮೆಂಬರು, ಫೋಟೋಕ್ಕೆ ಕೂತು, ಒಂದು ಸಲ.
(ಅಳಿಸು ಅಂದರು. ಅಳಿಸಿಲ್ಲ.)
ಬಿಂದುಶ್ರೀ, ಒಂಬತ್ತನೇ ಕ್ಲಾಸು, ಹನ್ನೊಂದು ಸಲ.
ಪ್ರತಿ ಸಲವೂ ತಾನೇ ಬಂದು, ಮೊಣಕೈ ಮಣ್ಣು ಒರೆಸುತ್ತ
"ಬರ್ಕಳಕ್ಕ" ಅನ್ನುತ್ತಾಳೆ, ಬಹುಮಾನ ಬಂದವಳಂತೆ.

ಈ ವಾರ ಅವಳೇ ಕೆಂಚನನ್ನು ತಂದು ನನ್ನ ಮುಂದೆ ನಿಲ್ಲಿಸಿದಳು.
ಕಚ್ಚೆ ಬಿಗಿದು, ಬೂಸದ ಮೂಟೆ ಮೇಲೆ ಕಾಲಿಟ್ಟು ಹತ್ತಿದೆ.
ಎಷ್ಟು ಎತ್ತರ ಅಂತೀರಿ!
ಗದ್ದೆಯಂಚಿನ ನನ್ನ ಅಂಗಡಿಯ ತಗಡಿನ ಮೇಲೆ
ಯಾರದೋ ಚೆಂಡು, ಒಂಟಿ ಹವಾಯಿ ಚಪ್ಪಲಿ,
ಪಕ್ಕದಲ್ಲಿ ತುಕ್ಕು ಹಿಡಿದು ಮಲಗಿದೆ
ನಾದಿನಿ ಕದ್ದಳೆಂದು ಆರು ವರ್ಷ ಮಾತು ಬಿಟ್ಟಿದ್ದ
ನನ್ನ ಗಜಕಡ್ಡಿ.

ಅಂಗಡಿ ಇರುವುದು ಎಡಕ್ಕೆ.
"ಬಲಕ್ಕೇ ಬಿಡವ್ವ," ದ್ಯಾವೇಗೌಡರು ಕೂಗಿದರು,
"ಮೂರು ಸಲ ಬಲಕ್ಕೆ ತಿರುಗಿದ್ರೆ ಎಡವೇ ಸಿಕ್ತದೆ."
ತಿರುಗಿದೆವು. ನಾಲೆ ಬಂತು, ಹಾಲಿನವರ ಬಾಯಿ ತೆರೆದ ಮುಖ ಬಂತು,
ಬಾಬುವಿನ ಬಾಲ ಬಂತು, ಆಮೇಲೆ ತಗಡು.
ಕೆಂಚ ನಿಂತ. ನಾನು ಕೈ ಚಾಚಿದೆ.

ಸಂಜೆ ಪುಸ್ತಕದ ಹಿಂಬದಿ ತೆಗೆದು
ತಾರೀಖು ಹಾಕಿ
ಅದೇ ಗಜಕಡ್ಡಿ ಇಟ್ಟು ನೇರವಾಗಿ ಗೆರೆ ಎಳೆದು
ನನ್ನ ಹೆಸರು ಬರೆದೆ.