ನಲವತ್ತೆಂಟು ಗಂಟೆ

ಪುಸ್ತಕ ಇಂಗ್ಲಿಷಿನದು, ಅಂಚಿನ ಪೆನ್ಸಿಲ್ ನನ್ನದು.
ಪೊರಾಸಿಟಿ ಎಂದಲ್ಲಿ ಬರೆದಿದ್ದೇನೆ: ಕಾವಲಿ ಮೇಲಿನ ದೋಸೆ.
ಅಂಡರ್‌ಕಟ್: ಇಲಿ ತಿಂದ ಅಂಚು.
ಲ್ಯಾಕ್ ಆಫ್ ಫ್ಯೂಷನ್‌ಗೆ ತುಂಬ ಹೊತ್ತು
ಏನೂ ಹೊಳೆಯಲಿಲ್ಲ. ಆಮೇಲೆ ಬರೆದೆ:
ಒಂದೇ ಸೀಟಿನಲ್ಲಿ ಭುಜ ತಾಗಿಸಿ ಕೂತು
ಬೇರೆ ಬೇರೆ ಸ್ಟಾಪಿನಲ್ಲಿ ಇಳಿಯುವವರು.

ಪೀಣ್ಯ ಎರಡನೇ ಹಂತ, ಹದಿನಾಲ್ಕು ವರ್ಷ.
ನಮ್ಮ ಶೆಡ್ಡಿನಲ್ಲಿ ಯಾರೂ ಬೆಸುಗೆ ಎನ್ನುವುದಿಲ್ಲ,
ಅದು ಮದುವೆ ಕರೆಯೋಲೆಯ ಮಾತು.
‘ರುದ್ರಾಣಿ, ಎರಡು ಟ್ಯಾಕ್ ಹಾಕಿ ಕೊಡು’ ಅಂತಾರೆ,
ಹಾಕಿ ಕೊಡುತ್ತೇನೆ.

ಇನ್‌ಸ್ಪೆಕ್ಟರ್ ಅರುಳಪ್ಪ ಶನಿವಾರ ಬರುತ್ತಿದ್ದರು.
ಎದೆಜೇಬಿನಲ್ಲಿ ಗೇಜು, ಟಾರ್ಚು, ಹಳದಿ ಸೀಮೆಸುಣ್ಣ.
ಬೈಯುತ್ತಿರಲಿಲ್ಲ. ಬೆರಳಲ್ಲಿ ಸವರಿ,
ಸುಮ್ಮನೆ ಒಂದು ಸೊನ್ನೆ ಸುತ್ತಿ ಮುಂದೆ ಹೋಗುತ್ತಿದ್ದರು.
ಸೊನ್ನೆಯೊಳಗಿನದನ್ನು ಗ್ರೈಂಡರ್ ಹಿಡಿದು ಕೀಳುವಾಗ
ಕಿಡಿ ಹಾರುವುದು ಕಬ್ಬಿಣದಿಂದಲೋ
ನನ್ನ ಮುಖದಿಂದಲೋ ಗೊತ್ತಾಗುತ್ತಿರಲಿಲ್ಲ.

ಈಗ ಸೀಮೆಸುಣ್ಣ ನನಗೆ ಬೇಕು.
ಮೂರು ಪೇಪರು, ಅದಕ್ಕೂ ಮೊದಲು ಕಣ್ಣು:
ಹನ್ನೆರಡು ಇಂಚು ದೂರದ ಕಾರ್ಡಿನಲ್ಲಿ
ಇರುವೆಮರಿಯಂಥ ಅಕ್ಷರ ಓದಬೇಕು.
ಜಾಲಹಳ್ಳಿ ಕ್ರಾಸಿನ ಕನ್ನಡಕದಂಗಡಿಯಲ್ಲಿ
ನಾಲ್ಕನೇ ಸಾಲಿಗೇ ಇರುವೆಗಳು ಹೊರಟುಹೋದವು.
ಕಣ್ಣಿಗೆ ಮರಳು ಸುರಿದಂತಾದ ರಾತ್ರಿಗಳು,
ರೆಪ್ಪೆ ಮೇಲೆ ಆಲೂಗಡ್ಡೆ ಬಿಲ್ಲೆ ಇಟ್ಟು ಮಲಗಿದ ರಾತ್ರಿಗಳು,
ಎಲ್ಲ ಲೆಕ್ಕಕ್ಕೆ ಬಂದವು. ಗಾಜು ಬದಲಾಯಿಸಿ
‘ಈಗ?’ ಅಂದ ಹುಡುಗ. ಈಗ ಓದಿದೆ.

ಓದಿದ್ದೇ ತಪ್ಪಾಯಿತು. ಇನ್ನು ಎಲ್ಲವೂ ಕಾಣುತ್ತದೆ.
ಬಸ್ಸಿನ ಕಂಬಿ, ಮೆಟ್ರೋ ಮೆಟ್ಟಿಲ ಕಟಕಟೆ,
ಮಾಲೀಕರ ಹೊಸ ಗೇಟಿನ ತುಂಬ ಚಿಮ್ಮಿದ ಸಿಡುಕು.
ಗಣಪತಿ ಗುಡಿ ಹುಂಡಿಯ ಮೂಲೆ ಉಬ್ಬಿದೆ,
ಕೈಮುಗಿದು ಮನಸ್ಸಲ್ಲೇ ರಿಜೆಕ್ಟ್ ಮಾಡಿದೆ.

ರಾತ್ರಿ ಎಂಟನೇ ಕ್ಲಾಸಿನ ಮಗ ಪ್ರಶ್ನೆ ಕೇಳುತ್ತಾನೆ,
ನನಗಿಂತ ಇಂಗ್ಲಿಷು ಅವನ ನಾಲಿಗೆಗೆ ಒಗ್ಗುತ್ತದೆ.
‘ಬಿಸಿಯಲ್ಲಿ ಕಾಣದೆ, ಪೂರ್ತಿ ತಣಿದ ಮೇಲೆ,
ಎರಡು ದಿನ ಬಿಟ್ಟು ಬರುವ ಬಿರುಕಿಗೆ ಕಾರಣ?
ಎ, ಬಿ, ಸಿ, ಡಿ.’

ಕಾರಣ ಥಂಡಿ.
ರಾಡು ಹಪ್ಪಳದ ಜಾತಿ, ಬಿಚ್ಚಿಟ್ಟರೆ ಗಾಳಿ ಕುಡಿಯುತ್ತದೆ.
ಓವನ್ನಿನಲ್ಲಿ ಒಣಗಿಸದೆ ಹೊಡೆದರೆ
ಕುಡಿದದ್ದು ಕಬ್ಬಿಣದೊಳಗೆ ಸೇರಿ ಸುಮ್ಮನೆ ಕೂರುತ್ತದೆ,
ನೆಂಟರೆಲ್ಲ ಹೋದಮೇಲೆ ಶುರುವಾಗುವ ಜಗಳದಂತೆ.

ಎಂಟು ವರ್ಷದ ಹಿಂದೆ, ಜುಲೈ. ಓವನ್ ಕೆಟ್ಟಿತ್ತು.
ಮುನಿಚೌಡಣ್ಣ ಲಾರಿ ಗೇಟಿಗೆ ಬಂತು ಅಂದ.
ಒಡೆದ ಪ್ಯಾಕೆಟ್ಟಿನ ರಾಡು, ದಪ್ಪ ಪ್ಲೇಟು, ಎತ್ತುವ ಕೊಕ್ಕೆಯ ಕಿವಿ.
ಅಷ್ಟು ಚಂದದ ಸಾಲು ಅದಕ್ಕೆ ಮೊದಲೂ ಬಂದಿರಲಿಲ್ಲ,
ಆಮೇಲೂ ಬಂದಿಲ್ಲ. ನಾಣ್ಯ ಪೇರಿಸಿ ಮಲಗಿಸಿದ ಹಾಗೆ.
ಅರುಳಪ್ಪ ಅದೇ ಸಂಜೆ ಟಾರ್ಚು ಬಿಟ್ಟು ನೋಡಿದರು.
ಸೊನ್ನೆ ಇಲ್ಲ. ‘ಚೆನ್ನಾಗಿದೆಮ್ಮ’ ಅಂದರು,
ಹದಿನಾಲ್ಕು ವರ್ಷಕ್ಕೆ ಅದೊಂದೇ ಸಲ.
ಹಸಿರು ಬಣ್ಣ ಬಳಿದು, ಹಗ್ಗ ಬಿಗಿದು,
ಲಾರಿ ತುಮಕೂರು ರಸ್ತೆಗೆ ತಿರುಗಿತು.

ಹೋದ ಭಾನುವಾರ ಕುಕ್ ಟೌನಿಗೆ ಹೋಗಿದ್ದೆ.
ಎರಡೂ ಕಣ್ಣಿಗೆ ಪೊರೆ, ನನ್ನ ದನಿ ಗುರುತು ಹಿಡಿದರು.
ಹೇಳಿದೆ. ಓವನ್ನು, ಪ್ಯಾಕೆಟ್ಟು, ಎಲ್ಲ.
‘ಎಷ್ಟು ಎಂ.ಎಂ. ಪ್ಲೇಟು?’
‘ಮೂವತ್ತೆರಡು.’
ಬಿಸ್ಕತ್ತು ಚಹಾದಲ್ಲಿ ಮುರಿದು ಬಿತ್ತು, ಅವರಿಗೆ ಕಾಣಲಿಲ್ಲ.
‘ಎರಡು ದಿನ ಬಿಟ್ಟು ನೋಡಬೇಕಿತ್ತು ನಾನು.
ಲಾರಿ ನನಗೂ ಕಂಡಿತ್ತಮ್ಮ’ ಅಂದರು.

ಆ ಕಿವಿಯಿಂದ ಏನು ಎತ್ತುತ್ತಿದ್ದಾರೋ,
ಕೆಳಗೆ ಯಾರು ಬುತ್ತಿ ಬಿಚ್ಚಿ ಕೂತಿದ್ದಾರೋ,
ಅಥವಾ ಬಿರುಕೇ ಇಲ್ಲವೋ.
ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿ ಚಿಮುಕಿಸಿದರೆ
ಕೂದಲೆಳೆಯ ಗಾಯವೂ ತಾನಾಗಿ ಒಸರುತ್ತದೆ.
ಹಚ್ಚಲು ಆ ಕಬ್ಬಿಣ ಎಲ್ಲಿದೆ?

‘ಅಮ್ಮಾ, ಉತ್ತರ.’
‘ಬಿ.’
ಹಿಂದಿನ ಪುಟ ತೆಗೆದು ನೋಡಿ ‘ಸರಿ’ ಅಂದ.
ಮುಂದಿನದಕ್ಕೆ ಬೆರಳು ಇಟ್ಟ.