ಮೂರು ಗಂಟೆ

ನಮ್ಮ ಮನೆಯಲ್ಲಿ ಮೂರು ಗಂಟೆ ಎಂದರೆ ಹೊತ್ತಲ್ಲ.
ಚಾಂಪಿಯನ್ ರೀಫಿನ ಶಾಫ್ಟಿನ ಬಾಯಲ್ಲಿ ನಿಂತು
ಇಪ್ಪತ್ತಾರು ವರ್ಷ ಗಂಟೆ ಹೊಡೆದವನು ಅಪ್ಪ:
ಒಂದು ಹೊಡೆದರೆ ನಿಲ್ಲು,
ಎರಡಕ್ಕೆ ಇಳಿಸು,
ಮೂರು ಎಂದರೆ ಪಂಜರದಲ್ಲಿ ಮನುಷ್ಯರಿದ್ದಾರೆ,
ನಿಧಾನ.

ಮನೆಯೊಳಗೆ ತಮಿಳು, ಸ್ಕೂಲಲ್ಲಿ ಕನ್ನಡ,
ಸಂತೆಯಲ್ಲಿ ತೆಲುಗು. ಇವೆಲ್ಲಕ್ಕೂ ಮೊದಲು
ನಾನು ಕಲಿತದ್ದು ಆ ಎಣಿಕೆ.
ಲೋಟದ ಮೇಲೆ ಚಮಚದಿಂದ ಅಪ್ಪ ಮೂರು ಕುಟ್ಟಿದರೆ
ಯಾರೋ ಬಂದಿದ್ದಾರೆಂದು
ಅಮ್ಮ ಇನ್ನೊಂದು ತಟ್ಟೆ ಹಾಕುತ್ತಿದ್ದಳು.

ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದು ಮಿಕ್ಸಿ ರಿಪೇರಿ.
ಮಾಲೂರಿನ ಹಯಾತ್ ಮೇಷ್ಟ್ರು ಒಂದು ದಿನ
ಹಳೇ ರಿಸೀವರ್ ತಂದಿಟ್ಟು ಹೋದರು.
ಆ ರಾತ್ರಿ ಬೆಸುಗೆ ಆರುವ ಮೊದಲೇ
ಗುಂಡಿ ತಿರುವಿದೆ. ಕಡಲ ಕಡೆ ಬಿರುಗಾಳಿ.
ಕರಕರದ ನಡುವೆ ಒಬ್ಬಾತ, ತೆಲುಗಿನಲ್ಲಿ:
ಶಾಲೆಯ ಮಾಳಿಗೆ ಮೇಲೆ ನಲವತ್ತು ಜನ,
ಇಬ್ಬರು ಬಸುರಿಯರು,
ಯಾರಾದರೂ ಇದ್ದೀರಾ?

ಇದ್ದೆ.
ಜೋರಾಗಿಯೇ ಹೇಳಿದೆ, ಇದ್ದೇನೆ ಅಂತ,
ಪಕ್ಕದ ಮನೆ ನಾಯಿ ಬೊಗಳುವಷ್ಟು ಜೋರಾಗಿ.
ಮುಂದಿದ್ದ ಪೆಟ್ಟಿಗೆಗೆ ಕಿವಿಯಿತ್ತು, ಬಾಯಿರಲಿಲ್ಲ.
ಅವನಿಗೆ ಬೇರೆ ಯಾರಾದರೂ ಸಿಕ್ಕರೋ
ಬ್ಯಾಟರಿ ಸತ್ತಿತೋ
ಇವತ್ತಿಗೂ ಗೊತ್ತಿಲ್ಲ.

ಬಾಯಿ ಬೇಕಾದರೆ ಪರೀಕ್ಷೆ ಬರಿ, ಎಂದರು ಮೇಷ್ಟ್ರು.
ನಲವತ್ತೆರಡನೇ ವಯಸ್ಸಲ್ಲಿ ಓಮನ ನಿಯಮ!
ಮಾರಿಕುಪ್ಪಂ ರೈಲಿನ ಬಾಗಿಲಲ್ಲಿ
ಸೊಪ್ಪಿನ ಮೂಟೆಗೆ ಒರಗಿ
ಡಿಟ್ ಡಾ ಡಿಟ್ ಎಂದು ಗೊಣಗಿದೆ.
ಬಂಗಾರಪೇಟೆಯಲ್ಲಿ ಹತ್ತಿದ ಹೆಂಗಸೊಬ್ಬಳು
ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಎಂದು.

ಆಮೇಲೆ ವಿಚಾರಣೆಗೆ ಬಂದದ್ದು
ಕಾನ್‌ಸ್ಟೇಬಲ್ ಮುನಿವೆಂಕಟಪ್ಪ.
'ಯಾರತ್ರಮ್ಮ ಮಾತಾಡೋದು?'
'ಗೊತ್ತಿಲ್ಲ ಸಾರ್.'
'ಏನಂತ ಮಾತಾಡೋದು?'
'ಕೇಳಿಸ್ತಾ ಇದೆಯಾ ಅಂತ.'
'ಅಷ್ಟಕ್ಕೆ ಲೈಸೆನ್ಸು?'
ಒಳಕೋಣೆಯಿಂದ ಅಪ್ಪ, ಕೆಮ್ಮಿನ ನಡುವೆ:
'ಗಂಟೆ ಹೊಡೆಯೋಕೆ ನನಗೂ ಚೀಟಿ ಇತ್ತಪ್ಪ.
ಯಾರ್ಯಾರೋ ಹೊಡೆದರೆ
ಕೆಳಗಿರೋರು ಸಾಯ್ತಾರೆ.'
ಕಾಫಿ ಆರಿತ್ತು. ಆಕ್ಷೇಪಣೆ ಇಲ್ಲ ಎಂದು ಬರೆದುಕೊಂಡರು.

ತಿಂಗಳುಗಟ್ಟಲೆ ಕಾದ ಮೇಲೆ ಬಂತು, ಒಂದೇ ಹಾಳೆ.
ವಿ, ಯು, ಎರಡು, ಮುಂದೆ ಮೂರು ಅಕ್ಷರ.
ಯಾವ ಲೈನಿನ ಮನೆ ಎಂದು ಕೇಳದ,
ಯಾರ ಮಗಳು ಎಂದೂ ಕೇಳದ ಹೆಸರು,
ಲೋಕದಲ್ಲಿ ಇನ್ನೊಬ್ಬರಿಗಿಲ್ಲ.
ಅಪ್ಪ ಅದನ್ನು ತನ್ನ ಗಂಟೆಯ ಚೀಟಿಯ ಜೊತೆ
ಬೈಬಲ್ಲಿನೊಳಗೆ ಇಟ್ಟ. ಕೆಲಸವಿದ್ದಾಗ ಕೇಳಿ ತೆಗೆದುಕೊಳ್ಳಬೇಕು.

ಅಡಿಗೆಮನೆ ಸೂರಿನಿಂದ ಹಿಂದಿನ ಹುಣಸೆಮರಕ್ಕೆ
ಅರವತ್ತಾರು ಅಡಿ ತಂತಿ.
'ಎಷ್ಟು ಆಳ ಹೋಗತ್ತೆ?' ಅಂದ.
ಆಳ ಅಲ್ಲಪ್ಪ, ಮೇಲಕ್ಕೆ,
ಮುನ್ನೂರು ಕಿಲೋಮೀಟರು ಹೋಗಿ ಬಡಿದು ವಾಪಸು.
ಬೆರಳು ಮಡಚಿದ. 'ನಮ್ಮ ಶಾಫ್ಟು ನೂರು.'
ಸುಮ್ಮನಿದ್ದ.
'ಅಲ್ಲೂ ಶೆಕೆಯಾ?'

ಮೊದಲ ಸಲ ಕರೆದಾಗ ಯಾರೂ ಇಲ್ಲ.
ಎರಡನೇ ಸಲವೂ ಇಲ್ಲ. ಅನ್ನದ ಕುಕ್ಕರ್ ಕೂಗಿತು.
ಎದ್ದು ಒಲೆ ಆರಿಸಿ ಬಂದು
ಮತ್ತೆ ಕೀ ಒತ್ತಿದೆ; ಆಗ, ತೀರ ಸಣ್ಣಗೆ,
ಯಾವ ಊರಿನದೋ ಒಂದು ಕೈ.
ಹೆಸರು ಕೇಳಿತು, ಕೊಟ್ಟೆ: ಸ್ಟೆಲ್ಲಾ.
ಸರಿಯೇ ಎಂದು ತಿರುಗಿ ಬಡಿಯತೊಡಗಿತು
ಮೊದಲ ಅಕ್ಷರ, ಮೂರು ಚುಕ್ಕಿ,

ಮಾರ್ಸ್ ಒಂದಕ್ಷರ ಬಾರದ ಅಪ್ಪ
ಮಂಚದಿಂದ ಕೈ ಎತ್ತಿದ:
'ಮೂರು. ಜನ ಇದ್ದಾರೆ ಕಣೇ.'

ಆಚೆಯವರಿಗೆ ನನ್ನ ಎರಡನೇ 'ಎಲ್' ಕೇಳಿಸಿರಲಿಲ್ಲ.
ಮತ್ತೆ ಕಳಿಸಿದೆ,
ನಿಧಾನ.