ಹತ್ತು ಅಂಕದ ಪ್ರಶ್ನೆ

ಭಾನುವಾರದ ಪುಟದ ಲೇಖನವನ್ನು
ಗೋಣಿಕೊಪ್ಪದ ಜೆರಾಕ್ಸ್ ಅಂಗಡಿಯಲ್ಲಿ ನಲವತ್ತೆರಡು ಪ್ರತಿ ಮಾಡಿಸಿ
ಕೊನೆಯ ವರ್ಷದ ಬಿ.ಎ.ಗೆ ಹಂಚಿದೆ.
‘ವಿಶ್ವವಿದ್ಯಾಲಯವೇನು ತೊಟ್ಟಿಲೇ?’ ಎಂದು ತಲೆಬರಹ.
ಮನಸ್ಸು ನೊಂದವರು ಹೋಗಿ ಕೂರಲೊಂದು ಕೋಣೆ ಯಾಕೆ ಬೇಡ ಎಂಬ ವಾದ.
ಲೇಖಕರು ನಮ್ಮನ್ನು ಹೇಗೆ ಒಪ್ಪಿಸುತ್ತಾರೆ, ವಿಶ್ಲೇಷಿಸಿ.
ಹತ್ತು ಅಂಕ.

ಒಳ್ಳೆಯ ಬರಹ, ಸುಳ್ಳೇಕೆ ಹೇಳಲಿ.
ಬೆಳಿಗ್ಗೆ ಬೆಲ್ಲದ ಕಾಫಿಯ ಜೊತೆ ಓದಿದಾಗ
ಮೂರನೆಯ ಪ್ಯಾರಾಕ್ಕೆ ತಲೆದೂಗಿಬಿಟ್ಟಿದ್ದೆ.

ಪೂವಯ್ಯ ‘ನಾವು’ಗಳನ್ನು ಎಣಿಸಿದ: ಹದಿನಾಲ್ಕು.
‘ನಾವೆಲ್ಲ ಬೈಸಿಕೊಂಡೇ ಬೆಳೆದವರು’ ಅಂತಾರಲ್ಲ ಸರ್,
ಅದರೊಳಗೆ ಬೈದವರೂ ನುಸುಳಿ ಕೂತಿದ್ದಾರೆ.
ರಂಸೀನಾ ಪ್ರಶ್ನೆಗಳಿಗೆಲ್ಲ ಸುತ್ತು ಹಾಕಿದಳು:
ಒಂದಕ್ಕೂ ಉತ್ತರ ಬೇಕಿಲ್ಲ ಇವರಿಗೆ,
ಕೆಲವರ ಮನೆಯಲ್ಲಿ ‘ಊಟ ಆಗಿರಬೇಕಲ್ಲ?’ ಅಂತಾರೆ ನೋಡಿ, ಹಾಗೆ.
ನಕ್ಕೆವು.
‘ನಿಜ, ಕೆಲವರಿಗೆ ನೋವಾಗುತ್ತದೆ, ಆದರೆ’:
ಆ ‘ಆದರೆ’ಯ ಹೊಸ್ತಿಲಲ್ಲಿ ನೋವು
ಚಪ್ಪಲಿ ಬಿಟ್ಟು ನಿಂತಿದೆ,
ಒಳಗೆ ಕರೆದವರಿಲ್ಲ.

ಆಮೇಲೆ ಬಂತು ಹೋಲಿಕೆ.
‘ನೆರಳಲ್ಲಿ ಬೆಳೆದ ಗಿಡ ಬಿಸಿಲು ಕಂಡರೆ ಬಾಡುತ್ತದೆ.’
ಇಡೀ ತರಗತಿ ಮೇಲೆದ್ದಿತು.
ಕೊಡಗಿನ ಮಕ್ಕಳ ಮುಂದೆ ನೆರಳನ್ನು ಬೈಯಬಾರದು!
ಹಾಲುವಾಣದ ಆಸರೆಯಿಲ್ಲದೆ ಕಾಫಿ ಎಷ್ಟು ಬೇಸಿಗೆ ತಡೆದೀತು,
ಈ ಮನುಷ್ಯ ತೋಟ ಕಂಡಿದ್ದಾರೆಯೇ?
ಹಿಂದಿನ ಬೆಂಚಿನಿಂದ ಯಾರೋ:
ನೆರಳು ಹೆಚ್ಚಾದರೆ ಕೊಳೆರೋಗ, ಅದನ್ನೂ ಬರೆಯಿರಿ,
ಮರಗಸಿ ಮತ್ತೆ ಯಾತಕ್ಕೆ ಮಾಡೋದು?
ಅರೇಬಿಕಾಕ್ಕೆ ಒಂದು ಲೆಕ್ಕ, ರೊಬಸ್ಟಾಕ್ಕೆ ಇನ್ನೊಂದು.
ಲೇಖನ ಮರೆತು, ಗಂಟೆ ಹೊಡೆಯುವವರೆಗೆ
ಮಾತಲ್ಲೇ ಕೊಂಬೆ ಕಡಿದೆವು.

ಒಬ್ಬಳು ಬಾಯಿ ಬಿಡಲಿಲ್ಲ.
ವೈ.ಬಿ. ಚೆಲ್ವಿ. ಹಾಜರಿ ಪುಸ್ತಕದಲ್ಲಿ
ಹೆಸರಿಗಿಂತ ಮೊದಲು ಜಾತಿ ಬರುವ ಹುಡುಗಿ.
ಮರಗಸಿಗೆ ಅವಳಪ್ಪನೇ ಮೇಲೆ ಹತ್ತುವುದು,
ಪೂವಯ್ಯನ ಮನೆಯ ತೋಟದಲ್ಲಿ.

ಅವಳ ಉತ್ತರ ಒಂದೂವರೆ ಪುಟ,
ನೀಲಿ ಪೆನ್ನು ನಡುವೆಲ್ಲೋ ಮುಗಿದು ಕಪ್ಪಾಗಿದೆ.
“ಐದನೆಯ ಪ್ಯಾರಾದಲ್ಲಿ, ಒಂದು ಪದ ಕೇಳಿ
ತರಗತಿಯಿಂದ ಎದ್ದುಹೋದ ಹುಡುಗಿಯ ಕತೆ ಇದೆ.
‘ಬರೀ ಒಂದು ಪದ’ ಎಂದು ಲೇಖಕರು ಮೂರು ಸಲ ಹೇಳುತ್ತಾರೆ.
ಯಾವ ಪದ ಎಂದು ಹೇಳುವುದಿಲ್ಲ.
ಹೇಳಿದರೆ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ,
ಭಾನುವಾರ ಓದುವವರಿಗೆ ಬೇಸರವಾಗಬಾರದು.
ಆದ್ದರಿಂದ ಈ ಲೇಖನವನ್ನು
ಬೇಡವೆನ್ನುವ ಆ ಕೋಣೆಯಲ್ಲೇ ಕೂತು ಬರೆಯಲಾಗಿದೆ.”

ಕೊನೆಗೆ, ಅಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ:
“ನಮ್ಮ ಕಾಲೇಜಿನ ಕೋಣೆಗೆ ನಾನು ಎರಡು ಸಲ ಹೋಗಿದ್ದೇನೆ.
ಮುರಿದ ಬೆಂಚುಗಳಿವೆ, ಒಂದು ಚಾಪೆ.
ಅಡಗಿಕೊಳ್ಳಲಿಲ್ಲ. ಇಂಟರ್ನಲ್ಸ್‌ಗೆ ಓದಿಕೊಂಡೆ.”

ನಮ್ಮಲ್ಲೂ ಆ ಪದ ಬಿದ್ದ ದಿನ ನನಗೆ ನೆನಪಿದೆ.
ಮೂರನೆಯ ಪೀರಿಯಡ್ಡು.
ನಾನು ಬೋರ್ಡಿನ ಕಡೆ ತಿರುಗಿದ್ದೆ.
ತಿರುಗಿಯೇ ಇದ್ದೆ,
ಒರೆಸಿದ್ದನ್ನೇ ಮತ್ತೆ ಒರೆಸುತ್ತ.

ಒಂಬತ್ತು ಕೊಟ್ಟಿದ್ದೇನೆ.
ಒಂದಂಕ ಯಾಕೆ ಹೋಯಿತು ಸರ್ ಎಂದು
ನಾಳೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಾಳೆ.
ಉಪಸಂಹಾರವಿಲ್ಲ ಎನ್ನಲೇ? ಅಕ್ಷರ ದುಂಡಗಿಲ್ಲ ಎನ್ನಲೇ?
ರಾತ್ರಿ ಹನ್ನೊಂದಾದರೂ
ಅವಳನ್ನು ಒಪ್ಪಿಸುವ ಒಂದು ವಾದ ಹುಡುಕುತ್ತಿದ್ದೇನೆ,
‘ನಿಜ, ಆದರೆ’ ಎಂದು ಶುರುವಾಗದ್ದು.